ರೈಲೇಯ ಕೆಸರು, ಮಿರಿಸ್ಸದ ಜಗಲಿ

ನನ್ನ ನೀಲಿ ಸೂಟ್‌ಕೇಸಿನ ಎಡಗಡೆಯ ಚಕ್ರ ಇಂದಿಗೂ ತಿರುಗುವುದಿಲ್ಲ. ಅದರ ಕೀಲಿನಲ್ಲಿ ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯದ ಕೆಸರು ಒಣಗಿ ಗಟ್ಟಿಯಾಗಿದೆ. ಪ್ರವಾಸಕ್ಕೆಂದೇ ಕೊಂಡ ಹೊಸ ಪೆಟ್ಟಿಗೆ ಅದು. ಇಳಿದ ದಿನವೇ ಕುಂಟತೊಡಗಿತು. ಹಾಗಾಗಿ ನಾನು ಯಾರ ಕಡೆಯವಳು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗೆಳತಿಯರ ಜೊತೆ ಹೊರದೇಶದ ಕಡಲ ದಂಡೆಯಲ್ಲಿ ನಾಲ್ಕು ದಿನ ಏನೂ ಮಾಡದೆ ಕೂರಬೇಕೆಂದರೆ ನಾನು ಶ್ರೀಲಂಕಾದ ಮಿರಿಸ್ಸಕ್ಕೇ ಹೋಗುತ್ತೇನೆ. ಕ್ರಾಬಿಯ ‘ರೈಲೇ’ ಎಂಬ ಕಡಲ ದಂಡೆ ಅದಕ್ಕಿಂತ ಚೆಲುವಾದ ಜಾಗ ಎಂಬುದನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ನಾವು ನಾಲ್ವರು. ಶಿವಮೊಗ್ಗದ ಒಂದೇ ಬ್ಯಾಂಕ್ ಶಾಖೆಯಲ್ಲಿ ಹತ್ತಾರು ವರ್ಷ ಪಕ್ಕಪಕ್ಕದ ಕೌಂಟರಿನಲ್ಲಿ ಕುಳಿತವರು. ಕಾರವಾರದವಳಿಗೆ ಮೀನು ಬೇಕು, ಈಜು ಬರುವುದೂ ಅವಳೊಬ್ಬಳಿಗೇ. ತೀರ್ಥಹಳ್ಳಿಯವಳು, ಹಾಸನದವಳು ಮತ್ತು ನಾನು ಸಸ್ಯಾಹಾರಿಗಳು. ನೀರಿಗಿಳಿದರೆ ಮೊಣಕಾಲಿನವರೆಗೆ ಮಾತ್ರ. ಹಾಸನದವಳ ಮಂಡಿಗೆ ಮೂರು ವರ್ಷದಿಂದ ಪಟ್ಟಿ. ಎಲ್ಲರಿಗೂ ಐವತ್ತು ದಾಟಿದೆ. ಇದನ್ನೆಲ್ಲ ಹೇಳುತ್ತಿರುವುದು ಏಕೆಂದರೆ, ಬೆನ್ನಚೀಲ ಹಾಕಿಕೊಂಡು ಬಂಡೆ ಹತ್ತುವ ಇಪ್ಪತ್ತೈದರ ಹುಡುಗಿಯರಿಗೆ ನನ್ನ ತೀರ್ಪು ತಿರುಗುಮುರುಗಾಗಬಹುದು.

ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ, “ಗೋಕರ್ಣ ಇರುವಾಗ ಅಷ್ಟು ದೂರ ಏಕೆ?” ಎಂಬುದು. ಗೋಕರ್ಣದಲ್ಲಿ ರಥಬೀದಿ ದಾಟುವುದರೊಳಗೆ ಒಬ್ಬ ನೆಂಟರು ಸಿಗುತ್ತಾರೆ. ಅವರ ಮನೆಗೆ ಊಟಕ್ಕೆ ಹೋಗಬೇಕು, ಊಟಕ್ಕೆ ಹೋದರೆ ಸೀರೆ ಉಡಬೇಕು. ಅದು ರಜೆಯಲ್ಲ.

ಬಾಲಿಯನ್ನು ತೀರ್ಥಹಳ್ಳಿಯವಳು ಸೂಚಿಸಿದ್ದಳು. ಡಿಸೆಂಬರ್, ಜನವರಿ ಅಲ್ಲಿ ಮಳೆಗಾಲ. ಆಗುಂಬೆಯ ಪಕ್ಕದ ಊರಿನವಳಿಗೆ ಮಳೆ ನೋಡಲು ವಿಮಾನ ಬೇಕಿಲ್ಲ. ಥಾಯ್ಲೆಂಡಿನಲ್ಲೂ ಎರಡು ಕಡಲುಗಳಿವೆ. ಕೊ ಸಮುಯಿ ಇರುವ ಕೊಲ್ಲಿಯ ಕಡೆ ವರ್ಷದ ಕೊನೆಗೆ ಮಳೆ ಸುರಿಯುತ್ತದೆ, ಫುಕೆಟ್ ಮತ್ತು ಕ್ರಾಬಿ ಇರುವ ಅಂಡಮಾನ್ ಕಡೆ ನವೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ. ಶ್ರೀಲಂಕಾದಲ್ಲೂ ಹೀಗೆಯೇ: ಚಳಿಗಾಲದಲ್ಲಿ ಈಶಾನ್ಯ ಮಾರುತ ಟ್ರಿಂಕೋಮಲಿ, ಅರುಗಂ ಕೊಲ್ಲಿಯ ಕಡೆ ಮಳೆ ತರುತ್ತದೆ, ದಕ್ಷಿಣದ ದಂಡೆ ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಇಷ್ಟು ನೋಡಿಕೊಂಡು 2023ರ ಡಿಸೆಂಬರ್ ಕೊನೆಗೆ ಕ್ರಾಬಿಗೆ, 2025ರ ಜನವರಿಯಲ್ಲಿ ಮಿರಿಸ್ಸಕ್ಕೆ ಹೋಗಿಬಂದೆವು. ಹವೆಯ ಲೆಕ್ಕದಲ್ಲಿ ಎರಡೂ ಕಡೆ ಗೆದ್ದೆವು. ನೋಡದೆ ಬಿಟ್ಟದ್ದು ತಿಥಿಯನ್ನು.

ರೈಲೇ ದ್ವೀಪವಲ್ಲ, ಮುಖ್ಯ ಭೂಮಿಗೇ ಅಂಟಿಕೊಂಡಿದೆ. ಆದರೆ ಹಿಂದೆ ನೆಟ್ಟಗೆ ನಿಂತ ಸುಣ್ಣಕಲ್ಲಿನ ಬೆಟ್ಟಗಳಿಂದಾಗಿ ರಸ್ತೆಯಿಲ್ಲ. ಹೋಗುವುದೂ ಬರುವುದೂ ದೋಣಿಯಲ್ಲಿ ಮಾತ್ರ. ಕೋಣೆ ಕಾಯ್ದಿರಿಸುವಾಗ ನಮಗೆ ಇದೇ ದೊಡ್ಡ ಆಕರ್ಷಣೆಯಾಗಿತ್ತು: ವಾಹನಗಳ ಸದ್ದಿಲ್ಲ, ಧೂಳಿಲ್ಲ. ಎರಡು ದಂಡೆಗಳಲ್ಲಿ ಪಶ್ಚಿಮದ್ದು ಬಿಳಿ ಮರಳಿನದು, ಪೂರ್ವದ್ದು ಕಾಂಡ್ಲಾ ಗಿಡಗಳ ಕೆಸರಿನದು. ಪೂರ್ವದ ಕಡೆ ಕೋಣೆಗಳು ಅಗ್ಗ. ಹತ್ತು ನಿಮಿಷ ನಡೆದರೆ ಪಶ್ಚಿಮದ ದಂಡೆ ಸಿಗುತ್ತದೆ ಎಂದಿದ್ದರು. ಬ್ಯಾಂಕಿನವರು ತಾನೇ, ಅಗ್ಗದ್ದನ್ನೇ ಹಿಡಿದೆವು.

ಡಿಸೆಂಬರ್ 26ರ ಮಧ್ಯಾಹ್ನ ಕ್ರಾಬಿ ವಿಮಾನ ನಿಲ್ದಾಣದಿಂದ ವ್ಯಾನಿನಲ್ಲಿ ಆವೊ ನಾಮ್ ಮಾವೊ ಎಂಬ ಕಟ್ಟೆಗೆ ಬಂದೆವು. ಅಲ್ಲಿಂದ ಲಾಂಗ್‌ಟೇಲ್ ದೋಣಿ. ಹಳೆಯ ವಾಹನದ ಎಂಜಿನ್ನಿಗೆ ಮಾರುದ್ದದ ಕಬ್ಬಿಣದ ದಂಡ ಜೋಡಿಸಿ, ಅದರ ತುದಿಗೆ ಪಂಕ ಕಟ್ಟಿರುತ್ತಾರೆ. ಸದ್ದು ಅಕ್ಕಿ ಗಿರಣಿಯದು. ಕಾಲು ಗಂಟೆ ಬಂಡೆಗಳ ನೆರಳಿನಲ್ಲಿ ಸಾಗುವಾಗ ನಾಲ್ವರಿಗೂ ಮಾತು ನಿಂತಿತ್ತು, ಅಷ್ಟು ಚೆಂದ. ಆಮೇಲೆ ದೋಣಿಯೂ ನಿಂತಿತು. ದಡ ಇನ್ನೂ ದೂರವಿತ್ತು. ದೋಣಿಯವನು ದಂಡವನ್ನು ನೀರಿನಿಂದ ಮೇಲೆತ್ತಿ ಹಿಡಿದು, ದಡದ ಕಡೆ ಗದ್ದ ತೋರಿಸಿದ. ನಡುವೆ ಇದ್ದದ್ದು ಕಡಲಲ್ಲ, ನಾಟಿಗೆ ಹದಮಾಡಿದ ಗದ್ದೆ.

“ಇಳಿಯಬೇಕಂತೆ” ಎಂದಳು ಕಾರವಾರದವಳು. “ಎಲ್ಲಿಗೆ?” ಎಂದಳು ಹಾಸನದವಳು.

ಸಂಜೆ ನಾಲ್ಕರ ಸಮಯ, ಪೂರ್ಣ ಇಳಿತ. ಆ ದಂಡೆಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರಕ್ಕೂ ಇಳಿತಕ್ಕೂ ಎರಡೂವರೆ ಮೀಟರಿನಷ್ಟು ಅಂತರ ಬೀಳುತ್ತದೆ. ಮಟ್ಟಸವಾದ ಕೆಸರು ದಂಡೆಯಲ್ಲಿ ಅಷ್ಟು ನೀರು ಹಿಂದೆ ಸರಿದರೆ ದೋಣಿ ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಲು ಬ್ಯಾಂಕಿನ ಅನುಭವ ಬೇಕಿಲ್ಲ. ಅಂದು ಹೊಸ್ತಿಲ ಹುಣ್ಣಿಮೆ. ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬಿಳಿ ಚಂದ್ರನ ಗುರುತು ಹಾಕಿ ಮುದ್ರಿಸಿದ್ದಾರೆ. ಟಿಕೆಟ್ ಮಾಡುವಾಗ ಕಂಪ್ಯೂಟರ್ ನೋಡಿದೆವು, ಗೋಡೆ ನೋಡಲಿಲ್ಲ.

ದಡದಿಂದ ಒಂದು ಟ್ರ್ಯಾಕ್ಟರ್ ಟ್ರೇಲರ್ ಕಟ್ಟಿಕೊಂಡು ಕೆಸರಿಗಿಳಿದು ಬಂತು. ಆದರೆ ನಮ್ಮ ಮುಂದೆ ಎರಡು ದೋಣಿಯ ಜನ ಕಾಯುತ್ತಿದ್ದರು. ಕತ್ತಲಾಗುತ್ತದೆ ಎಂಬ ಹೆದರಿಕೆಯಲ್ಲಿ ನಾನು ಮತ್ತು ತೀರ್ಥಹಳ್ಳಿಯವಳು ಚೂಡಿದಾರದ ಕಾಲು ಮಡಚಿಕೊಂಡು ಇಳಿದೇಬಿಟ್ಟೆವು. ಮೊದಲ ಹೆಜ್ಜೆಗೆ ಮೀನಖಂಡದವರೆಗೆ ಹೂತಿತು. ಪೆಟ್ಟಿಗೆಯನ್ನು ತಲೆಯ ಮೇಲೆ ಹೊರುವ ಶಕ್ತಿ ನನಗಿಲ್ಲ, ಎಳೆದೆ. ಚಕ್ರದ ಕಥೆ ಮುಗಿದದ್ದು ಅಲ್ಲಿಯೇ. ಹಾಸನದವಳು ದೋಣಿಯಲ್ಲಿಯೇ ಕುಳಿತು ಅರ್ಧ ಗಂಟೆ ಕಾದು, ಟ್ರೇಲರಿನ ಮೇಲೆ ಮೆರವಣಿಗೆಯ ದೇವರಂತೆ ನಮ್ಮನ್ನು ದಾಟಿಕೊಂಡು ಹೋದಳು. ಕೈ ಬೀಸಿದಳು ಕೂಡ.

ಒಂದು ದಿನದ ಕಷ್ಟವಾಗಿದ್ದರೆ ನಗುವಿನ ವಿಷಯವಾಗಿ ಉಳಿಯುತ್ತಿತ್ತು. ಉಬ್ಬರ ಇಳಿತದ ಸಮಯ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಮರುದಿನದಿಂದ ನಮ್ಮ ರಜೆಗೆ ಸಮುದ್ರವೇ ಮ್ಯಾನೇಜರ್ ಆಯಿತು. ಎದುರಿನ ಆವೊ ನಾಂಗ್ ಊರಿಗೆ ಊಟಕ್ಕೆ ಹೋಗಬೇಕೇ? ನೀರು ಎಷ್ಟಕ್ಕೆ ಇಳಿಯುತ್ತದೆ ಎಂದು ಹೋಟೆಲಿನವರನ್ನು ಕೇಳಬೇಕು. ಅಲ್ಲಿಂದ ಮರಳುವ ದೋಣಿಗೆ ಆಗ ತಲೆಗೆ 100 ಬಾಟ್, ಅಂದಿನ ಲೆಕ್ಕದಲ್ಲಿ ನಮ್ಮ 240 ರೂಪಾಯಿ; ಆದರೆ ಎಂಟು ಜನ ತುಂಬುವ ತನಕ ಹೊರಡುವುದಿಲ್ಲ. ನಾವು ನಾಲ್ವರು, ಉಳಿದ ನಾಲ್ವರಿಗಾಗಿ ಕಾಯಬೇಕು. ಸಂಜೆ ಆರು ದಾಟಿದರೆ ದರ ಏರುತ್ತದೆ. ಒಂದು ಸಂಜೆ ಐಸ್‌ಕ್ರೀಮ್ ತಿನ್ನುತ್ತಾ ತಡಮಾಡಿ, ಖಾಲಿ ಕುರ್ಚಿಗಳಿಗೂ ಸೇರಿಸಿ ದುಡ್ಡು ಕೊಟ್ಟು ಮರಳಿದೆವು. ಹೊರಡುವ ದಿನ ವಿಮಾನ ಬೆಳಗಿನದು. ಏಳು ಗಂಟೆಗೆ ಮತ್ತೆ ಇಳಿತ, ಮತ್ತೆ ಕೆಸರು. ಒದ್ದೆ ಚೂಡಿದಾರದಲ್ಲಿಯೇ ವಿಮಾನದ ಹವಾನಿಯಂತ್ರಣದಲ್ಲಿ ನಡುಗುತ್ತಾ ಬ್ಯಾಂಕಾಕ್ ತಲುಪಿದೆ. ಪಶ್ಚಿಮದ ದಂಡೆಯಲ್ಲಿ ಕೋಣೆ ಹಿಡಿದಿದ್ದರೆ ಕೆಸರು ತಪ್ಪುತ್ತಿತ್ತು, ನೀರಿಗಿಳಿದು ದೋಣಿ ಹತ್ತುವುದು ತಪ್ಪುತ್ತಿರಲಿಲ್ಲ.

ಈಗ ನ್ಯಾಯವಾಗಿ ಹೇಳಬೇಕಾದ ಮಾತು. ಬೆಳಿಗ್ಗೆ ಹತ್ತರ ಉಬ್ಬರದಲ್ಲಿ ರೈಲೇ ಪಶ್ಚಿಮದ ನೀರು ಹೇಗಿರುತ್ತದೆ ಎಂದರೆ, ಈಜು ಬಾರದ ನಾನು ಎದೆಮಟ್ಟ ನೀರಿನಲ್ಲಿ ಒಂದು ಗಂಟೆ ನಿಂತಿದ್ದೆ. ಅಲೆಯೇ ಇಲ್ಲ. ಎರಡೂ ಕಡೆ ಕಲ್ಲಿನ ಗೋಡೆ, ಬಂಡೆಯಿಂದ ಜೋತುಬಿದ್ದ ಸುಣ್ಣದ ಕೋಡುಗಳು, ಅವುಗಳ ಮೇಲೆ ಹಗ್ಗ ಕಟ್ಟಿಕೊಂಡು ಹತ್ತುವ ಹುಡುಗ ಹುಡುಗಿಯರು. ದಕ್ಷಿಣದ ತುದಿಯ ಫ್ರಾ ನಾಂಗ್ ದಂಡೆಯ ಗವಿಯಲ್ಲಿ ಕಡಲ ರಾಜಕುಮಾರಿಗೆ ಮೀನುಗಾರರು ಹರಕೆಯಾಗಿ ಒಪ್ಪಿಸಿದ ಮರದ ಲಿಂಗಗಳ ರಾಶಿ ಇದೆ, ಆಳೆತ್ತರದವೂ ಸೇರಿ. ತೀರ್ಥಹಳ್ಳಿಯವಳು ಮೊದಲು ಕೈ ಮುಗಿದಳು. ಆಮೇಲೆ ಸರಿಯಾಗಿ ನೋಡಿದಳು.

ನಮ್ಮನ್ನು ಕಾಡಿದ ಇಳಿತವೇ ಒಂದು ಮಧ್ಯಾಹ್ನ ಉಪಕಾರವನ್ನೂ ಮಾಡಿತು. ದ್ವೀಪಗಳ ಸುತ್ತಾಟದಲ್ಲಿ ಮೂರು ಗಂಟೆಯ ಹೊತ್ತಿಗೆ ಎರಡು ದ್ವೀಪಗಳ ನಡುವೆ ಮರಳಿನ ಹಾದಿ ಮೇಲೆದ್ದು ಬಂತು. ತಲೇ ವೇಕ್ ಎನ್ನುತ್ತಾರೆ. ಕಡಲ ನಡುವೆ, ಎರಡೂ ಬದಿ ನೀರು ನೋಡುತ್ತಾ ನಡೆದೆವು. ಅಂಥದ್ದು ಮಿರಿಸ್ಸದಲ್ಲಿಲ್ಲ.

ಮಿರಿಸ್ಸದ್ದು ಬೇರೆಯೇ ಲಯ. ಕೊಲಂಬೊದ ಕೋಟೆ ನಿಲ್ದಾಣದಿಂದ ದಕ್ಷಿಣಕ್ಕೆ ಹೋಗುವ ರೈಲು ಹತ್ತಿ ಬಲಗಡೆ ಕುಳಿತರೆ ಮೂರು ಗಂಟೆಯ ದಾರಿಯಲ್ಲಿ ಬಹುಪಾಲು ಸಮುದ್ರ ಕಿಟಕಿಯಲ್ಲಿಯೇ ಇರುತ್ತದೆ. ಕುಳಿತರೆ ಎಂದೆ, ನಮಗೆ ಗಾಲೆವರೆಗೆ ಜಾಗ ಸಿಗಲಿಲ್ಲ, ಬಾಗಿಲ ಹತ್ತಿರ ನಿಂತೆವು. ಹಿಕ್ಕಡುವದ ಹತ್ತಿರ ಪೆರಲಿಯ ಎಂಬಲ್ಲಿ ಹಳಿಯ ಪಕ್ಕ ಎತ್ತರದ ಬುದ್ಧ ನಿಂತಿದ್ದಾನೆ. 2004ರ ಡಿಸೆಂಬರ್ 26ರಂದು ಸುನಾಮಿ ಇದೇ ಹಳಿಯ ಮೇಲಿದ್ದ ರೈಲನ್ನು ಹೊಡೆದು, ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಆ ಕಡೆ ಬೆರಳು ತೋರಿಸಿ, ಏನೂ ಹೇಳದೆ ಮುಖ ತಿರುಗಿಸಿದಳು. ಹಿಂದಿನ ಪ್ರವಾಸದಲ್ಲಿ ನಾವು ರೈಲೇಯ ಕೆಸರಿನಲ್ಲಿ ಚಕ್ರದ ಚಿಂತೆ ಮಾಡುತ್ತಿದ್ದದ್ದು ಅದೇ ತಾರೀಖು, ಅದೇ ಅಲೆ ಹೊಡೆದ ಇನ್ನೊಂದು ದಂಡೆ. ಅಂದು ನಮಗೆ ಅದು ಹೊಳೆದಿರಲಿಲ್ಲ.

ವೆಲಿಗಮದಲ್ಲಿ ಇಳಿದು ತ್ರೀವೀಲರ್ ಹಿಡಿದು ಮಿರಿಸ್ಸ ಸೇರಿದೆವು. ನಾವು ಉಳಿದದ್ದು ಹೋಟೆಲಿನಲ್ಲಲ್ಲ, ಒಂದು ಮನೆಯ ಮೇಲ್ಮಹಡಿಯ ಎರಡು ಕೋಣೆಗಳಲ್ಲಿ. ಮುಂದೆ ಜಗಲಿ, ನಾಲ್ಕು ಬೆತ್ತದ ಕುರ್ಚಿ, ತೆಂಗಿನ ಮರಗಳ ಆಚೆ ಕಡಲು. ಚಪ್ಪಲಿ ಮೆಟ್ಟಿ ಇನ್ನೂರು ಹೆಜ್ಜೆ ನಡೆದರೆ ಮರಳು. ದೋಣಿಯಿಲ್ಲ, ಟ್ರ್ಯಾಕ್ಟರ್ ಇಲ್ಲ, ಎಂಟು ಜನರಿಗಾಗಿ ಕಾಯುವುದಿಲ್ಲ. ಗಾಲೆ ರಸ್ತೆಯಲ್ಲಿ ಐದು ಹತ್ತು ನಿಮಿಷಕ್ಕೊಂದು ಬಸ್. ಆ ಬಸ್ಸುಗಳ ಓಟವನ್ನು ಮಾತ್ರ ಕಣ್ಣು ಮುಚ್ಚಿಕೊಂಡು ಸಹಿಸಬೇಕು. ನಮ್ಮ ಕರಾವಳಿಯ ಎಕ್ಸ್‌ಪ್ರೆಸ್ ಬಸ್ಸುಗಳು ಅವುಗಳ ಮುಂದೆ ಎತ್ತಿನಗಾಡಿ.

ಇಲ್ಲಿಯೂ ನಾವು ಹುಣ್ಣಿಮೆಗೇ ಸಿಕ್ಕಿಬಿದ್ದಿದ್ದೆವು. ಜನವರಿ 13 ಬನದ ಹುಣ್ಣಿಮೆ. ಕಾರವಾರದವಳು ಎರಡು ದಿನ ಮುಂಚಿನಿಂದಲೇ ದಂಡೆಯಲ್ಲಿ ಒಂದು ಕಲ್ಲನ್ನು ಗುರುತು ಮಾಡಿಕೊಂಡು ನೀರು ಅಳೆಯುತ್ತಿದ್ದಳು. ಹುಣ್ಣಿಮೆಯ ದಿನವೂ ಉಬ್ಬರಕ್ಕೂ ಇಳಿತಕ್ಕೂ ಮೊಣಕಾಲೆತ್ತರದ ವ್ಯತ್ಯಾಸವಷ್ಟೇ. ಶ್ರೀಲಂಕಾದ ಸುತ್ತ ಇದರ ಅಂತರ ಒಂದು ಮೀಟರನ್ನೂ ಮುಟ್ಟುವುದಿಲ್ಲ. ಮಧ್ಯಾಹ್ನದ ನಿದ್ದೆ ಮುಗಿಸಿ ಎಷ್ಟು ಗಂಟೆಗೆ ಎದ್ದರೂ ಕಡಲು ಬಿಟ್ಟ ಜಾಗದಲ್ಲಿಯೇ ಇರುತ್ತದೆ. ನನಗೆ ಬೇಕಾಗಿದ್ದದ್ದು ಇಷ್ಟೇ.

ಹುಣ್ಣಿಮೆಯ ತೊಂದರೆ ಇಲ್ಲಿ ಬೇರೆ ದಾರಿಯಿಂದ ಬಂತು. ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ, ಸರ್ಕಾರಿ ರಜೆ, ಮದ್ಯ ಮಾರಾಟವಿಲ್ಲ. ಸಂಜೆಗೊಂದು ಬಿಯರ್ ಎಂದು ಪ್ರವಾಸದುದ್ದಕ್ಕೂ ಲೆಕ್ಕ ಹಾಕಿದ್ದ ಒಬ್ಬಳು (ಹೆಸರು, ಊರು ಎರಡೂ ಹೇಳುವುದಿಲ್ಲ) ಅಂದು ಎಳನೀರು ಕುಡಿದಳು. ನಾವು ಊರಿನವರ ಜೊತೆ ಬೌದ್ಧ ವಿಹಾರಕ್ಕೆ ಹೋದೆವು. ಬಿಳಿ ಬಟ್ಟೆ, ಕೈಯಲ್ಲಿ ತಾವರೆ ಮೊಗ್ಗು, ಎಣ್ಣೆಯ ದೀಪ, ಮೈಕಿನ ಸದ್ದಿರಲಿಲ್ಲ.

ಮಿರಿಸ್ಸದ ನಿಜವಾದ ದೋಷ ನೀರು. ಅಲೆ ಜೋರು, ಸೆಳೆತವೂ ಉಂಟು. ಈಜು ಬಾರದವರು ದಂಡೆಯಲ್ಲಿ ಕುಳಿತು ಕಾಲು ಒದ್ದೆ ಮಾಡಿಕೊಳ್ಳಬೇಕು. ಎರಡನೆಯ ದಿನ ಮನೆಯೊಡತಿಯೇ ದಾರಿ ತೋರಿಸಿದಳು: ಮಾತರದ ಕಡೆ ಪೊಲ್ಹೇನ ಎಂಬಲ್ಲಿಗೆ ಹೋಗಿ, ಅಲ್ಲಿ ಹವಳದ ದಿಬ್ಬ ಅಲೆಗಳನ್ನು ತಡೆಯುತ್ತದೆ ಎಂದು. ಹೋದೆವು. ನೀರು ಕಲ್ಯಾಣಿಯಂತೆ ನಿಂತಿತ್ತು. ಆ ಊರಿನ ಮಕ್ಕಳು, ಅಜ್ಜಿಯರು ಎಲ್ಲರೂ ಮೈತುಂಬ ಬಟ್ಟೆ ತೊಟ್ಟೇ ಮುಳುಗುತ್ತಿದ್ದರು. ರೈಲೇಯಲ್ಲಿ ಚೂಡಿದಾರದಲ್ಲಿ ನೀರಿಗಿಳಿದ ನಾವು ಅಲ್ಲಿನ ಪ್ರೇಕ್ಷಣೀಯ ಸ್ಥಳವಾಗಿದ್ದೆವು. ಇಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಇನ್ನು ಊಟ. ಥಾಯ್ಲೆಂಡಿನಲ್ಲಿ ಸಸ್ಯಾಹಾರಿಗೆ ಶತ್ರು ಮೀನಲ್ಲ, ನಾಮ್ ಪ್ಲಾ ಎಂಬ ಮೀನಿನ ರಸ. ತರಕಾರಿಗೂ ಬೀಳುತ್ತದೆ, ಪಪಾಯಿ ಕೋಸಂಬರಿಗೂ ಬೀಳುತ್ತದೆ, ಮೇಲೆ ಒಣ ಸಿಗಡಿ. ಮೀನು, ಮಾಂಸ ಬಿಟ್ಟ ವ್ರತದ ಊಟಕ್ಕೆ ಅಲ್ಲಿ ಹೇಳುವ “ಜೇ” ಎಂಬ ಮಾತು ಕಲಿತರೆ ಅರ್ಥವಾಗುತ್ತದೆ ಎಂದು ತಿಳಿದುಕೊಂಡು ಹೋಗಿದ್ದೆವು. ಅರ್ಥವಾಗುತ್ತಿತ್ತು, ಆದರೆ ಆ ವ್ರತದ ಅಡುಗೆ ಮಾಡುವ ಅಂಗಡಿ ರೈಲೇಯಲ್ಲಿ ನಮಗೆ ಸಿಗಲಿಲ್ಲ. ಭಾರತೀಯ ಹೋಟೆಲಿನಲ್ಲಿ ದಾಲ್, ಅನ್ನಕ್ಕೆ ಕೊಟ್ಟ ದುಡ್ಡಿನಲ್ಲಿ ಶಿವಮೊಗ್ಗದಲ್ಲಿ ಒಂದು ವಾರದ ತರಕಾರಿ ಬರುತ್ತದೆ. ಮೂರು ರಾತ್ರಿ ಗಾಡಿಯ ಬಾಳೆಹಣ್ಣಿನ ರೊಟ್ಟಿ ತಿಂದು ಮಲಗಿದೆವು. ಕಾರವಾರದವಳು ಮಾತ್ರ ದಿನಕ್ಕೊಂದು ಬಗೆಯ ಮೀನು ತಿಂದು, ನಮ್ಮ ಎದುರೇ ಬೆರಳು ಚೀಪಿದಳು.

ಶ್ರೀಲಂಕಾದಲ್ಲೂ ಒಂದು ಒಳಶತ್ರುವಿದೆ, ಉಂಬಲಕಡ. ಒಣಗಿಸಿದ ಮೀನಿನ ಚೂರು. ತೆಂಗಿನಕಾಯಿಯ ಪೊಲ್ ಸಂಬಲಿಗೆ ಹಾಕುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ಮೊದಲ ರಾತ್ರಿಯೇ ಮನೆಯೊಡತಿಗೆ ಹೇಳಿದೆವು, ಅವಳು ನಗುತ್ತಾ ತಲೆಯಾಡಿಸಿದಳು. ಆಮೇಲೆ ಬಂದದ್ದು: ಒತ್ತು ಶ್ಯಾವಿಗೆ, ತೆಂಗಿನ ಹಾಲಿನ ತೊವ್ವೆ, ಎಳೆ ಹಲಸಿನಕಾಯಿಯ ಪೊಲೊಸ್, ಬದನೆ, ಬೆಂಡೆ. ಒಂದು ಬಟ್ಟಲಿನಲ್ಲಿ ಹಸಿರು ಸೊಪ್ಪನ್ನು ಸಣ್ಣಗೆ ಹೆಚ್ಚಿ ಕಾಯಿತುರಿ, ನಿಂಬೆರಸ ಬೆರೆಸಿಟ್ಟಿದ್ದಳು. ಗೊಟುಕೊಳ ಎಂದಳು. ತೀರ್ಥಹಳ್ಳಿಯವಳು ಬಾಯಿಗಿಟ್ಟವಳೇ, “ಇದು ಒಂದೆಲಗ ಕಣೇ, ನಮ್ಮ ತಂಬುಳಿಯದು” ಎಂದು ಎದ್ದು ನಿಂತಳು. ಎಮ್ಮೆಯ ಮೊಸರಿನ ಮೇಲೆ ಸುರಿದುಕೊಟ್ಟ ಕಿತುಲ್ ಪಾಕವೂ ನಮ್ಮ ಮಲೆನಾಡಿನ ಬಗನಿ ಮರದ್ದೇ. ನಾವು ಅದರಲ್ಲಿ ಹೆಂಡ ಇಳಿಸಿಕೊಂಡು ಸುಮ್ಮನಿದ್ದೇವೆ. ಅವರು ಬೆಲ್ಲ ಕಟ್ಟಿದ್ದಾರೆ.

ಕಾಫಿ ಎರಡೂ ದೇಶಗಳಲ್ಲಿ ಕೆಟ್ಟದ್ದು. ಚಹಾದ ನಾಡಿನಲ್ಲಿ ಹಾಲಿನ ಪುಡಿ ಕದಡಿದ ಚಹಾ ಕೊಡುತ್ತಾರೆ ಎಂಬುದು ಆಶ್ಚರ್ಯ. ಹಾಲಿಲ್ಲದ ಕರಿ ಚಹಾವನ್ನು ಬೆಲ್ಲದ ತುಂಡು ಕಚ್ಚಿಕೊಂಡು ಕುಡಿಯುವುದನ್ನು ಕಲಿತೆವು. ಕಾಲು ಒತ್ತಿಸಿಕೊಳ್ಳುವುದರಲ್ಲಿ ಥಾಯ್ಲೆಂಡಿಗೆ ಸಾಟಿಯಿಲ್ಲ, ಹಾಸನದವಳ ಮಂಡಿ ಅಲ್ಲಿ ಎರಡು ದಿನ ಮಾತನಾಡಲಿಲ್ಲ. ಶೌಚಾಲಯದಲ್ಲಿ ನೀರಿನ ಪಿಚಕಾರಿ ಎರಡೂ ಕಡೆ ಇದೆ, ದೇವರು ದೊಡ್ಡವನು. ಮಿರಿಸ್ಸದ ದಂಡೆಯ ಮಧ್ಯಭಾಗದಲ್ಲಿ ರಾತ್ರಿ ಸಂಗೀತದ ಗದ್ದಲ ವಿಪರೀತ, ಕೋಣೆಯನ್ನು ತುದಿಯಲ್ಲಿ ನೋಡಿ. ತ್ರೀವೀಲರಿನವರ ಜೊತೆ ಚೌಕಾಸಿ ಮಾಡಲೇಬೇಕು, ಅದು ನಮಗೆ ಹುಟ್ಟಿನಿಂದ ಬಂದದ್ದು. ತಿಮಿಂಗಿಲ ನೋಡಲು ನಾನು ಮತ್ತು ಕಾರವಾರದವಳು ನಸುಕಿನಲ್ಲಿ ಹೋದೆವು. ನಾನು ನೋಡಿದ್ದು ಒಂದು ನೀಲಿ ಬೆನ್ನು ಮತ್ತು ಬಹಳ ಹೊತ್ತು ಪ್ಲಾಸ್ಟಿಕ್ ಚೀಲದ ತಳ.

ಖರ್ಚು ತಲೆಗೆ ಹೀಗಾಯಿತು, ವಿಮಾನವೂ ಸೇರಿ: ಕ್ರಾಬಿಗೆ 71,000 ರೂಪಾಯಿ, ಮಿರಿಸ್ಸಕ್ಕೆ 46,000. ವರ್ಷಾಂತ್ಯದ ದರ ಕ್ರಾಬಿಯನ್ನು ಸ್ವಲ್ಪ ಉಬ್ಬಿಸಿದೆ, ನಿಜ. ಆದರೂ ಬೆಂಗಳೂರಿನಿಂದ ಕೊಲಂಬೊ ಒಂದೂವರೆ ಗಂಟೆ. ನಾವು ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ ಕ್ರಾಬಿ ತಲುಪುವುದರೊಳಗೆ ಒಂದು ರಾತ್ರಿಯೂ ಒಂದು ಹಗಲೂ ಕಳೆದಿದ್ದವು. ಶ್ರೀಲಂಕಾಕ್ಕಾದರೆ ಗಡಿಯಾರವನ್ನೂ ತಿರುಗಿಸಬೇಕಿಲ್ಲ. ವೀಸಾ ನಿಯಮ ಎರಡೂ ಕಡೆ ಆಗಾಗ ಬದಲಾಗುತ್ತದೆ, ಹೊರಡುವ ಮುನ್ನ ಆಯಾ ಸರ್ಕಾರದ ಜಾಲತಾಣವನ್ನೇ ನೋಡಿ.

ಜನವರಿ 14ರ ಬೆಳಿಗ್ಗೆ ಹಾಸನದವಳು ಚೀಲದಿಂದ ಎಳ್ಳು ಬೆಲ್ಲದ ಪೊಟ್ಟಣ ತೆಗೆದಳು. ಮನೆಯೊಡತಿಗೆ ಕೊಟ್ಟಾಗ ಅವಳು ಬಾಯಿಗೆ ಹಾಕಿಕೊಂಡು, “ತಲ, ಅಕ್ಕಾ, ತಲ!” ಎಂದು ಒಳಗೆ ಓಡಿದಳು. ಸಿಂಹಳದಲ್ಲೂ ಅಕ್ಕ ಎಂದರೆ ಅಕ್ಕನೇ, ತಲ ಎಂದರೆ ಎಳ್ಳು. ಮರಳಿ ಬಂದಾಗ ಅವಳ ಕೈಯಲ್ಲಿ ಕಾಗದ ಸುತ್ತಿದ ತಲಗುಳಿ ಇದ್ದವು, ಎಳ್ಳು ಮತ್ತು ಬೆಲ್ಲ ಕುಟ್ಟಿ ಕಟ್ಟಿದ ಪುಟ್ಟ ಉಂಡೆಗಳು. ಆ ದಿನ ಎಲ್ಲಿಗೂ ಹೋಗಲಿಲ್ಲ. ಬೆತ್ತದ ಕುರ್ಚಿಗಳಲ್ಲಿ ಕುಳಿತು, ಸತ್ತುಹೋದ ಮ್ಯಾನೇಜರನ್ನೂ ಬದುಕಿರುವ ಮ್ಯಾನೇಜರನ್ನೂ ಬೈಯುತ್ತಾ, ಕರಾವಳಿಯವರು ಗೆಂದಾಳಿ ಎನ್ನುವ ಕೇಸರಿ ಬಣ್ಣದ ಎಳನೀರನ್ನು ತಲಾ ಎರಡು ಕುಡಿದೆವು.

ಕಾರವಾರದವಳು ಇಂದಿಗೂ ಒಪ್ಪುವುದಿಲ್ಲ. ರೈಲೇಯ ನೀರಿನ ಮುಂದೆ ಮಿರಿಸ್ಸ ಏನೂ ಅಲ್ಲ, ಇನ್ನೊಮ್ಮೆ ಹೋಗೋಣ ಎನ್ನುತ್ತಾಳೆ. ಅವಳಿಗೆ ನಾನು ಹೇಳಿರುವುದು ಇಷ್ಟು: ಪಂಚಾಂಗ ತೆಗೆದು ಅಷ್ಟಮಿಯ ಆಸುಪಾಸಿನ ದಿನ ನೋಡು, ಆಗ ಉಬ್ಬರ ಇಳಿತದ ಅಂತರ ಅತಿ ಕಡಿಮೆ. ಕೋಣೆ ಪಶ್ಚಿಮದ ದಂಡೆಯಲ್ಲಿರಲಿ. ಹೆಚ್ಚಿನ ದುಡ್ಡು ನೀನು ಕೊಡು. ಪೆಟ್ಟಿಗೆಯನ್ನು ಈ ಬಾರಿ ನಾನು ತರುವುದಿಲ್ಲ, ಬಟ್ಟೆಯ ಚೀಲ ತರುತ್ತೇನೆ.